ಮಂಜು, ಅವರೆ, ಹೋರಿಯ ಹಲ್ಲು

"ರಜೆಗೆ ಊರಿಗೆ ಹೋಗೋಣವೇ?" ಎಂದು ಅಪ್ಪ ಕೇಳಿದರೆ, "ಅಲ್ಲಿ ಏನಿದೆ?" ಎನ್ನುವುದು ಈಗಿನ ಮಕ್ಕಳ ಮೊದಲ ಪ್ರಶ್ನೆ. ಊರಿನಲ್ಲಿರುವ ತಾತ ಅಜ್ಜಿಯರ ಉತ್ತರ ಅದಕ್ಕಿಂತ ಸೋಜಿಗದ್ದು: "ಇಲ್ಲೇನೈತೆ ಮಗ, ಏನೂ ಇಲ್ಲ. ಸುಮ್ನೆ ಬಂದು ಮುಖ ತೋರ್ಸಿ ಹೋಗಿ." ಈ ಎರಡು ಮಾತುಗಳ ನಡುವೆ ಎಷ್ಟೋ ರಜೆಗಳು ಕಳೆದುಹೋಗುತ್ತವೆ. ಹಾಗಾಗಿ ಮಕ್ಕಳೇ, ಈ ವಾರದ ಮಾತು ನಿಮಗೂ ಉಂಟು, ನಿಮ್ಮ ತಾತ ಅಜ್ಜಿಯರಿಗೂ ಉಂಟು. ಇಬ್ಬರೂ ಒಟ್ಟಿಗೆ ಕುಳಿತು ಓದಿ.

ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ದಸರೆಗೆ, ಆಮೇಲೆ ಬೇಸಿಗೆಗೆ. ಚಳಿಗಾಲದಲ್ಲಿ ಕ್ರಿಸ್‌ಮಸ್‌ಗೊಂದು ದಿನ, ಸಂಕ್ರಾಂತಿಗೊಂದು ದಿನ, ನಡುವೆ ಬರುವ ಭಾನುವಾರಗಳು, ಅಷ್ಟೇ. ಕೇಂದ್ರ ಪಠ್ಯಕ್ರಮದ ಕೆಲವು ಶಾಲೆಗಳು ಮಾತ್ರ ಒಂದು ವಾರವೋ ಹತ್ತು ದಿನವೋ ಬಾಗಿಲು ಹಾಕುತ್ತವೆ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವರ್ಷದ ಸೊಗಸೆಲ್ಲ ಕೂಡಿಬರುವುದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಈ ಒಂದು ತಿಂಗಳಲ್ಲೇ. ರಜೆ ಚಿಕ್ಕದು, ಸುಗ್ಗಿ ದೊಡ್ಡದು.

ದೊಡ್ಡಬಳ್ಳಾಪುರದಾಚೆ ತೂಬಗೆರೆ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಗೆಳತಿಯ ಮನೆ. ಕಳೆದ ಚಳಿಗಾಲ ಬೆಂಗಳೂರಿನಿಂದ ಅವಳ ಮೊಮ್ಮಕ್ಕಳು ಬಂದಿದ್ದರು. ಹತ್ತು ವರ್ಷದ ಮೊಮ್ಮಗಳು, ಆರೂವರೆ ವರ್ಷದ ಮೊಮ್ಮಗ, ಮಗಳ ಮಗು ಮೂರು ವರ್ಷದ ಪುಟ್ಟಿ. ಆ ಮನೆಯಲ್ಲಿ ಆ ದಿನಗಳು ಹೇಗೆ ಕಳೆದವು ಎಂದು ನೋಡಿದರೆ "ಊರಲ್ಲಿ ಏನಿದೆ" ಎಂಬ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತದೆ.

ವಿಮಾನ ನಿಲ್ಲಿಸುವ ಮಂಜು

ಮೊದಲ ದಿನ ಬೆಳಿಗ್ಗೆ ಮಕ್ಕಳು ಎದ್ದು ಹೊರಗೆ ಬಂದರೆ ಎದುರಿನ ಬೇವಿನ ಮರವೇ ಕಾಣುತ್ತಿರಲಿಲ್ಲ. ಡಿಸೆಂಬರ್ ಜನವರಿಯ ಬೆಳಗಿನಲ್ಲಿ ನಮ್ಮ ಕಡೆ ಮಂಜು ಹಾಗೆ ಕವಿಯುತ್ತದೆ. ದೇವನಹಳ್ಳಿಯ ಬಳಿ 2008ರಲ್ಲಿ ಶುರುವಾದ ವಿಮಾನ ನಿಲ್ದಾಣದಲ್ಲಿ ಈ ತಿಂಗಳುಗಳ ಕೆಲವು ಮುಂಜಾನೆ ವಿಮಾನಗಳು ಏಳಲಾಗದೆ, ಇಳಿಯಲಾಗದೆ ಕಾಯುತ್ತವೆ. ಮಂಜು ಸರಿಯುವವರೆಗೆ ಅಷ್ಟು ದೊಡ್ಡ ವಿಮಾನವೂ ಸುಮ್ಮನೆ ನಿಲ್ಲಬೇಕು.

ಅದೇ ಮಂಜನ್ನು ನೋಡಿ ಗೆಳತಿ ಹಿಗ್ಗಿದಳು. "ಇವತ್ತು ಅವರೆಗೆ ಸೊಗಡು ಇಳೀತದೆ" ಎಂದಳು. ಮಂಜು ಬಿದ್ದಷ್ಟೂ ಅವರೆಕಾಯಿಗೆ ಸೊಗಡು ಹೆಚ್ಚು ಎನ್ನುವುದು ನಮ್ಮ ರೈತರ ಮಾತು.

ಸೊಗಡು ಅಂದರೇನು? ಎಳೆಯ ಅವರೆಕಾಯಿಯನ್ನು ಹಿಡಿದರೆ ಬೆರಳಿಗೆ ಎಣ್ಣೆಯ ಹಾಗೆ ಜಿಗುಟು ಹತ್ತುತ್ತದೆ. ಮೂಗಿಗೆ ಹಿಡಿದರೆ ಒಂದು ಘಾಟುಗಂಪು. ಅದು ಕಾಯಿಯ ಸಿಪ್ಪೆಯ ಮೇಲೆ ಒಸರುವ ಜಿಡ್ಡಿನ ವಾಸನೆ. ಸಾಬೂನು ಹಾಕಿ ತೊಳೆದರೂ ಬೇಗ ಹೋಗುವುದಿಲ್ಲ. ಸಂತೆಯಲ್ಲಿ ಹಳಬರು ಅವರೆಕಾಯಿ ಕೊಳ್ಳುವಾಗ ಕಣ್ಣಿಗಿಂತ ಮೂಗನ್ನು ನಂಬುತ್ತಾರೆ. ಒಂದು ಹಿಡಿ ತೆಗೆದು ಮೂಸಿ, "ಸೊಗಡಿಲ್ಲ ಬಿಡಪ್ಪ" ಎಂದು ಮುಂದಿನ ಗುಡ್ಡೆಗೆ ಹೋಗುತ್ತಾರೆ. ಸೊಗಡಿನ ಅವರೆಯ ಸಿಪ್ಪೆಯನ್ನು ಬೀದಿಗೆ ಚೆಲ್ಲಿ, ನಾಲ್ಕು ಜನ ತುಳಿದರೆ ಸಾರಿನ ರುಚಿ ಹೆಚ್ಚುತ್ತದೆ ಎಂದು ನಂಬುತ್ತಿದ್ದ ಕಾಲವೊಂದಿತ್ತು. ಯಾರ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ಇಡೀ ಬೀದಿಗೆ ಗೊತ್ತಾಗುತ್ತಿತ್ತು! ಈಗ ಹಾಗೆ ಚೆಲ್ಲಬೇಡಿ. ಸಿಪ್ಪೆ ಹಸುವಿಗೋ ಗೊಬ್ಬರದ ಗುಂಡಿಗೋ ಹೋಗಲಿ.

ಮೊಮ್ಮಗಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. "ತಾತ, ಅವರೆ ಗಿಡಕ್ಕೆ ಚಳಿಗಾಲ ಬಂತು ಅಂತ ಹೇಗೆ ಗೊತ್ತಾಗುತ್ತೆ? ಅದರ ಹತ್ತಿರ ಕ್ಯಾಲೆಂಡರ್ ಇಲ್ವಲ್ಲ?"

ಗಿಡದ ಹತ್ತಿರ ಕ್ಯಾಲೆಂಡರ್ ಇದೆ! ನಾಟಿ ಅವರೆಯನ್ನು ನಮ್ಮ ಕಡೆ ಮಳೆಗಾಲದಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಾಗಿ ಬಿತ್ತುತ್ತಾರೆ. ಅಂದರೆ ರಾಗಿಯ ಕೆಲವು ಸಾಲಿಗೊಂದರಂತೆ ಅವರೆಯ ಸಾಲು. ರಾಗಿ ಬೆಳೆಯುವಷ್ಟು ಕಾಲ ಅವರೆ ಬಳ್ಳಿ ಸುಮ್ಮನೆ ಎಲೆ ಬಿಟ್ಟುಕೊಂಡು ಹಬ್ಬುತ್ತದೆ. ಹೂವಿಗೆ ಅದು ಕಾಯುವುದು ರಾತ್ರಿ ಉದ್ದವಾಗುವುದಕ್ಕೆ. ಹಗಲು ಕುಗ್ಗಿ ಇರುಳು ಬೆಳೆಯತೊಡಗಿದಾಗ ಎಲೆಗಳಿಗೆ ಅದು ತಿಳಿಯುತ್ತದೆ, ಆಗ ಬಳ್ಳಿ ಮೊಗ್ಗು ಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಕೊಟ್ಟಿದ್ದಾರೆ. ಅವು ಇರುಳಿನ ಉದ್ದ ನೋಡದೆ ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ. ಬೇಸಿಗೆಯಲ್ಲೂ ಅಂಗಡಿಯಲ್ಲಿ ಅವರೆಕಾಯಿ ಕಾಣಿಸುವುದು ಅದರಿಂದಲೇ. ರೈತನಿಗೆ ಅದು ವರ್ಷವಿಡೀ ಆದಾಯ. ಆದರೆ "ಸೊಗಡು ಬೇಕಾದ್ರೆ ಮಾಗಿಯ ನಾಟಿ ಅವರೆನೇ ಆಗಬೇಕು" ಎನ್ನುವವರು ಇನ್ನೂ ಇದ್ದಾರೆ, ನನ್ನ ಗೆಳತಿಯ ಹಾಗೆ.

ಅವರೆಗೆ ಇನ್ನೊಂದು ಗುಣವೂ ಇದೆ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಬೆಳೆ ತೆಗೆದ ಮೇಲೆ ಬೇರು, ಎಲೆ ಕೊಳೆತು ಮಣ್ಣಿಗೂ ಸತ್ವ ಸೇರುತ್ತದೆ. ರಾಗಿಯ ಪಕ್ಕದಲ್ಲಿ ಅವರೆ ಬಿತ್ತಿದ ನಮ್ಮ ಹಿಂದಿನವರು ಈ ವಿಜ್ಞಾನವನ್ನು ಪುಸ್ತಕದಲ್ಲಿ ಓದಿರಲಿಲ್ಲ, ಹೊಲದಲ್ಲಿ ನೋಡಿದ್ದರು.

ಬಿಸಿಲೇರಿದ ಮೇಲೆ ಅಂಗಳದಲ್ಲಿ ಚಾಪೆ ಹಾಸಿ ಎಲ್ಲರೂ ಅವರೆಕಾಯಿ ಸುಲಿಯಲು ಕುಳಿತರು. ಮೊದಲನೇ ಹುಳು ಕಂಡಾಗ ಮೊಮ್ಮಗ ಕಿರುಚಿ ಎದ್ದು ನಿಂತ. ಹಸಿರು ಹುಳು, ಕಾಳಿನ ಬಣ್ಣವೇ. "ಅದು ತಿಂದದ್ದೂ ಅವರೆಕಾಯೇ ಅಲ್ವೇನೋ" ಎಂದು ತಾತ ಅದನ್ನು ಎತ್ತಿ ಕೋಳಿಗೆ ಹಾಕಿದರು. ಹತ್ತನೇ ಹುಳುವಿನ ಹೊತ್ತಿಗೆ ಹುಡುಗ ತಾನೇ ಹುಡುಕಿ ಹುಡುಕಿ ಕೋಳಿಗೆ ಕೊಡುತ್ತಿದ್ದ.

ಸುಲಿದ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರು. ಮಾರನೆಯ ಬೆಳಿಗ್ಗೆ ಹಿದುಕುವ ಕೆಲಸ. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮೊದಮೊದಲು ಪಾತ್ರೆಗಿಂತ ತಾತನ ಬೆನ್ನಿಗೆ ಬಿದ್ದದ್ದೇ ಹೆಚ್ಚು. ಎಪ್ಪತ್ತು ವರ್ಷದ ಬೆರಳಿಗೂ ಆರು ವರ್ಷದ ಬೆರಳಿಗೂ ಒಂದೇ ಕೆಲಸ ಸಿಗುವುದು ದಿನಾ ನಡೆಯುವ ಸಂಗತಿಯಲ್ಲ. ಮೊಬೈಲ್‌ನಲ್ಲಿ ಮಕ್ಕಳು ಮುಂದೆ, ಹೊಲದ ಕೆಲಸದಲ್ಲಿ ಹಿರಿಯರು ಮುಂದೆ. ಹಿದುಕುವುದರಲ್ಲಿ ಮಾತ್ರ ಇಬ್ಬರೂ ಸರಿಸಮ. ಕೈ ಕೆಲಸದಲ್ಲಿದ್ದಾಗ ಬಾಯಿಗೆ ಬಿಡುವು. ಅವತ್ತು ಆ ಅಂಗಳದಲ್ಲಿ ಬಂದ ಮಾತುಗಳು ಫೋನಿನ "ಊಟ ಆಯ್ತಾ" ಮಾತುಗಳಿಗಿಂತ ಬಹಳ ದೂರ ಹೋದವು. ಮಧ್ಯಾಹ್ನಕ್ಕೆ ಬಿಸಿ ರಾಗಿಮುದ್ದೆ, ಹಿದುಕಿದ ಬೇಳೆ ಸಾರು. "ಮುದ್ದೆ ಬೇಡ" ಎನ್ನುತ್ತಿದ್ದ ಹುಡುಗ ತಾನು ಹಿದುಕಿದ ಬೇಳೆ ಯಾವುದೆಂದು ತಟ್ಟೆಯಲ್ಲಿ ಹುಡುಕುತ್ತಾ ಮುದ್ದೆ ಮುಗಿಸಿದ.

ಹಲ್ಲಿನ ಲೆಕ್ಕ

ದೊಡ್ಡಬಳ್ಳಾಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಬೆಟ್ಟಗಳ ನಡುವೆ ಘಾಟಿ ಸುಬ್ರಹ್ಮಣ್ಯವಿದೆ. ಗರ್ಭಗುಡಿಯ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ಲಕ್ಷ್ಮೀನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಹಿಂದಿರುವ ನರಸಿಂಹ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಮಕ್ಕಳಿಗೆ ಆ ಕನ್ನಡಿ ತೋರಿಸುವುದನ್ನು ಮರೆಯಬೇಡಿ. ಪುಷ್ಯ ಶುದ್ಧ ಷಷ್ಠಿಗೆ ಅಲ್ಲಿ ತೇರು. ಅದಕ್ಕೆ ಮುಂಚಿನ ದಿನಗಳಲ್ಲಿ ಬಯಲಿನಲ್ಲಿ ಸೇರುವುದು ದನಗಳ ಜಾತ್ರೆ.

ಗೆಳತಿಯ ಮನೆಯವರು ಒಂದು ಬೆಳಿಗ್ಗೆ ಎಲ್ಲರೂ ಹೊರಟರು. ಜಾತ್ರೆಯ ಬಯಲಿನಲ್ಲಿ ಸಾಲು ಸಾಲು ಚಪ್ಪರ. ಕೆಲವರು ತಮ್ಮ ಜೋಡಿಗಳಿಗೆ ಶಾಮಿಯಾನ ಹಾಕಿಸಿ, ತಮಟೆ ವಾದ್ಯದೊಡನೆ ಮೆರವಣಿಗೆಯಲ್ಲಿ ಕರೆತಂದಿದ್ದರು. ಅಲ್ಲಿ ಮೆರೆಯುವುದು ಹಳ್ಳಿಕಾರ್ ತಳಿ. ಬೂದುಬಿಳಿ ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೇರಿದ ನೀಳ ಕೊಂಬು. ನಮ್ಮ ದಕ್ಷಿಣ ಕರ್ನಾಟಕದ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2000ದಲ್ಲಿ ಹೊರತಂದಿತು. ಅಂಚೆಚೀಟಿ ಕೂಡಿಡುವ ಮಕ್ಕಳು ಹುಡುಕಿ ನೋಡಿ. ಒಳ್ಳೆಯ ಜೋಡಿಯ ಬೆಲೆ ಲಕ್ಷಗಳಲ್ಲಿರುತ್ತದೆ. ಉತ್ತರ ಕರ್ನಾಟಕದಿಂದ, ಆಂಧ್ರ, ತಮಿಳುನಾಡುಗಳಿಂದಲೂ ಕೊಳ್ಳುವವರು ಬರುತ್ತಾರೆ.

ಮನೆಯಲ್ಲಿ "ಏನೂ ಇಲ್ಲ" ಎನ್ನುತ್ತಿದ್ದ ತಾತ ಆ ಬಯಲಿಗೆ ಕಾಲಿಟ್ಟ ಕೂಡಲೇ ಬೇರೆಯೇ ಮನುಷ್ಯರಾದರು. ಒಂದು ಹೋರಿಯ ಮಾಲೀಕರನ್ನು ಕೇಳಿ, ಅದರ ಕೆಳದುಟಿಯನ್ನು ಮೆಲ್ಲಗೆ ಬಿಡಿಸಿ ತೋರಿಸಿದರು. "ಎಷ್ಟು ಹಲ್ಲು ಎಣ್ಸು ಮಗ."

ದನಕ್ಕೆ ಮುಂದಿನ ಹಲ್ಲು ಇರುವುದು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಮೇಲೆ ಹಲ್ಲಿಲ್ಲ, ಗಟ್ಟಿ ಒಸಡು. ಕರುವಿಗೆ ಇರುವುದು ಹಾಲುಹಲ್ಲು, ನಿಮ್ಮ ಹಾಗೆಯೇ. ಸುಮಾರು ಎರಡು ವರ್ಷ ತುಂಬಿದ ಮೇಲೆ ನಡುವಿನ ಎರಡು ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬರುತ್ತವೆ. ಆಗ ಅದು "ಎರಡಲ್ಲಿನ ಹೋರಿ". ಆಮೇಲೆ ವರ್ಷವೋ ಅದಕ್ಕಿಂತ ಕಡಿಮೆಯೋ ಕಳೆದಂತೆ ಪಕ್ಕದ ಒಂದೊಂದು ಜೋಡಿ ಬದಲಾಗಿ "ನಾಲ್ಕಲ್ಲು", "ಆರಲ್ಲು" ಆಗುತ್ತದೆ. ಎಂಟೂ ಬಂದರೆ "ಬಾಯಿ ಕೂಡಿತು" ಎನ್ನುತ್ತಾರೆ, ಆಗ ಅದಕ್ಕೆ ನಾಲ್ಕು ವರ್ಷ ದಾಟಿರುತ್ತದೆ. ಆಧಾರ್ ಕಾರ್ಡ್ ಇಲ್ಲದ ಹೋರಿಯ ವಯಸ್ಸು ಅದರ ಬಾಯಲ್ಲೇ ಬರೆದಿರುತ್ತದೆ.

ಮೊಮ್ಮಗ ಸ್ವಲ್ಪ ಹೊತ್ತು ಯೋಚಿಸಿ ತನ್ನ ಬಾಯಿಗೆ ಬೆರಳಿಟ್ಟ. ಅವನ ಕೆಳಗಿನ ನಡುವಿನ ಎರಡು ಹಲ್ಲು ಆಗಷ್ಟೇ ಬಿದ್ದು ಹೊಸದು ಮೊಳೆಯುತ್ತಿತ್ತು. "ತಾತ, ನಾನು ಎರಡಲ್ಲು!" ಎಂದು ಕೂಗಿದ. ಸುತ್ತ ಇದ್ದ ರೈತರೆಲ್ಲ ನಕ್ಕರು. ಒಬ್ಬರು, "ಏನಪ್ಪ, ಈ ಎರಡಲ್ಲಿಗೆ ಎಷ್ಟು ಬೆಲೆ?" ಎಂದು ತಾತನನ್ನೇ ಕೇಳಿದರು. ತಾತ ಹೆಗಲ ಟವೆಲನ್ನು ಅವರ ಕೈಯ ಮೇಲೆ ಹಾಕಿ ಅದರ ಕೆಳಗೆ ಬೆರಳು ಹಿಡಿದರು. ಜಾತ್ರೆಯಲ್ಲಿ ಬೆಲೆ ಮಾತಾಡುವ ಹಳೆಯ ಕ್ರಮ ಅದು. ಸುತ್ತ ನಿಂತವರಿಗೆ ತಿಳಿಯಬಾರದೆಂದು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಒತ್ತಿ ಕೇಳುವುದು, ಒತ್ತಿ ಹೇಳುವುದು. ಬೆಲೆ ಕುದುರಲಿಲ್ಲ, ಹುಡುಗ ವಾಪಸು ಮನೆಗೇ ಬಂದ!

ಮೊಮ್ಮಕ್ಕಳು ಕೇಳುತ್ತಾ ಹೋದರು, ತಾತ ಹೇಳುತ್ತಾ ಹೋದರು. ಹೋರಿಯ ಮೈಮೇಲಿನ ಕೂದಲ ಸುಳಿಗಳಲ್ಲಿ ಯಾವುದನ್ನು ಒಳ್ಳೆಯದೆಂದು ನೋಡುತ್ತಿದ್ದರು, ಜೋಡಿ ಕಟ್ಟುವಾಗ ಎತ್ತರ ನಡಿಗೆ ಹೇಗೆ ಸರಿಹೊಂದಬೇಕು, ಎಡದ ಎತ್ತಿಗೂ ಬಲದ ಎತ್ತಿಗೂ ಏನು ವ್ಯತ್ಯಾಸ. ಒಂದೂವರೆ ಗಂಟೆಯಾದರೂ ಅವರ ಮಾತು ಮುಗಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗ, ಅಂದರೆ ಮಕ್ಕಳ ಅಪ್ಪ, ಮೆಲ್ಲಗೆ, "ಇದನ್ನೆಲ್ಲ ನೀನು ನನಗೆ ಹೇಳಲೇ ಇಲ್ವಲ್ಲಪ್ಪ" ಎಂದರು. "ನೀನು ಕೇಳಲಿಲ್ಲ. ಓದು ಓದು ಅಂತ ನಾನೂ ಬಿಟ್ಟೆ" ಎಂದರು ತಾತ.

ಆ ಮಾತನ್ನು ನಾನು ಮರೆತಿಲ್ಲ. ಆ ಮನೆಯಲ್ಲಿ ಈಗ ಎತ್ತುಗಳಿಲ್ಲ. ಹೊಲ ಉಳುವುದು ಬಾಡಿಗೆ ಟ್ರ್ಯಾಕ್ಟರ್, ಕೊಟ್ಟಿಗೆಯಲ್ಲಿರುವುದು ಡೇರಿಗೆ ಹಾಲು ಕೊಡುವ ಎರಡು ಸೀಮೆಹಸು. ಸುತ್ತಲಿನ ಹಲವು ಮನೆಗಳ ಕಥೆಯೂ ಇದೇ. ಚರ್ಮಗಂಟು ರೋಗ ಹರಡಿದಾಗ ದನಗಳ ಜಾತ್ರೆಗಳಿಗೇ ತಡೆ ಬಿದ್ದದ್ದನ್ನೂ ನೋಡಿದ್ದೇವೆ. ಟ್ರ್ಯಾಕ್ಟರ್ ಬಂದದ್ದು ರೈತನ ಬೆನ್ನಿಗೆ ಒಳ್ಳೆಯದೇ, ಅದನ್ನು ದೂರುವಂತಿಲ್ಲ. ಆದರೆ ಹಲ್ಲು ನೋಡಿ ವಯಸ್ಸು ಹೇಳುವ ಕಣ್ಣು, ಕಾಯಿ ಮೂಸಿ ಸೊಗಡು ಹೇಳುವ ಮೂಗು ಒಂದು ತಲೆಮಾರು ದಾಟಿ ಮುಂದಿನದಕ್ಕೆ ಹೋಗಬೇಕಾದರೆ ಯಾರಾದರೂ ಕೇಳಬೇಕು. ಅಪ್ಪನಿಗೆ ಕೇಳಲು ಆಗಲಿಲ್ಲ. ಮೊಮ್ಮಗ ಕೇಳಿದ.

ಉಳಿದ ತಾಲ್ಲೂಕುಗಳಲ್ಲಿ

ಘಾಟಿ ದೂರವಾದವರು ಬೇಸರಪಡಬೇಕಿಲ್ಲ. ನೆಲಮಂಗಲದವರಿಗೆ ಶಿವಗಂಗೆ ಬೆಟ್ಟವಿದೆ. ಸಂಕ್ರಾಂತಿಯ ಬೆಳಗಿನ ಜಾವ ಬೆಟ್ಟದ ತುದಿಯ ಕಂಬದ ಬುಡದಲ್ಲಿ ಗಂಗೆ ಉಕ್ಕುತ್ತಾಳೆಂದು ಜನ ಕಾದಿರುತ್ತಾರೆ. ಆ ತೀರ್ಥ ತಂದ ಮೇಲೆ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಗಿರಿಜಾ ಕಲ್ಯಾಣ. ದೇವನಹಳ್ಳಿಯವರು ಕೋಟೆಯ ಜೊತೆಗೆ ನಲ್ಲೂರಿನ ಹುಣಸೆ ತೋಪಿಗೂ ಹೋಗಿ ಬನ್ನಿ. 50 ಎಕರೆಗೂ ಮೀರಿದ ಆ ತೋಪಿನಲ್ಲಿ ನೂರಾರು ವರ್ಷ ಬಾಳಿದ ಹುಣಸೆ ಮರಗಳಿವೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹತ್ತು ಮಕ್ಕಳು ಕೈ ಕೈ ಹಿಡಿದು ಬುಡ ಅಳೆದು ನೋಡಿ. ಹೊಸಕೋಟೆಯವರಿಗೆ ಊರ ಪಕ್ಕದಲ್ಲೇ ದೊಡ್ಡ ಕೆರೆ. ಚಳಿಗಾಲದಲ್ಲಿ ದೂರದ ಶೀತದೇಶಗಳಿಂದ ಬರುವ ಹಕ್ಕಿಗಳನ್ನು ಬೆಳಿಗ್ಗೆ ಏರಿಯ ಮೇಲೆ ನಿಂತು ನೋಡಬಹುದು. ಕಲ್ಲೆಸೆಯಬೇಡಿ, ಕೂಗಬೇಡಿ.

ಕ್ರಿಸ್‌ಮಸ್ ದಿನ ನಮ್ಮ ಆ ಮಕ್ಕಳು ಬೀದಿಯ ಕೊನೆಯ ಮನೆಗೆ ಹೋಗಿದ್ದರು. ಅಲ್ಲಿ ಹುಲ್ಲು ಹಾಸಿ ಪುಟ್ಟ ಗೋದಲಿ ಕಟ್ಟಿದ್ದರು. ಬಾಲಯೇಸು, ಮರಿಯಮ್ಮ, ಕುರಿ, ಹಸು. "ಗೋದಲಿ ಅಂದ್ರೆ ಏನು?" ಎಂದು ಮೊಮ್ಮಗಳು ಕೇಳಿದ್ದಕ್ಕೆ ಅಜ್ಜಿ ಮನೆಗೆ ಬಂದು ಕೊಟ್ಟಿಗೆಯಲ್ಲಿ ಹಸು ಮೇವು ತಿನ್ನುವ ತೊಟ್ಟಿಯನ್ನು ತೋರಿಸಿದಳು. "ಇದೇ ಗೋದಲಿ." ಆ ಮನೆಯಿಂದ ಕೇಕ್ ಬಂದಿತ್ತು. ಅದಕ್ಕೆ ಪ್ರತಿಯಾಗಿ ಈ ಮನೆಯಿಂದ ಸಂಕ್ರಾಂತಿಗೆ ಎಳ್ಳಿನ ತಟ್ಟೆ ಹೋಗಬೇಕೆಂದು ಅಲ್ಲೇ ತೀರ್ಮಾನವಾಯಿತು.

ಕೋಲಿನ ನೆರಳು

ಇನ್ನು ಒಂದು ಪುಟ್ಟ ಪ್ರಯೋಗ. ಡಿಸೆಂಬರ್ 21 ಅಥವಾ 22 ನಮಗೆ ವರ್ಷದ ಅತಿ ಚಿಕ್ಕ ಹಗಲು. ನಮ್ಮ ಜಿಲ್ಲೆಯಲ್ಲಿ ಅಂದಿನ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನ್ 21ರ ಹಗಲಾದರೆ ಸುಮಾರು 12 ಗಂಟೆ 50 ನಿಮಿಷ. ಆ ಒಂದೂವರೆ ಗಂಟೆಯ ವ್ಯತ್ಯಾಸವನ್ನೇ ಅವರೆ ಬಳ್ಳಿ ಲೆಕ್ಕ ಹಾಕುವುದು!

ಒಂದು ಮೀಟರ್ ಉದ್ದದ ಕೋಲನ್ನು ಸಮನಾದ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ಹನ್ನೆರಡೂ ಕಾಲರಿಂದ ಹನ್ನೆರಡೂವರೆಯೊಳಗೆ ನೆರಳು ಆ ದಿನದ ಮಟ್ಟಿಗೆ ಅತಿ ಗಿಡ್ಡವಾಗುತ್ತದೆ. ಅದನ್ನು ಅಳೆಯಿರಿ. ಡಿಸೆಂಬರ್ 21ರಂದು ಅದು ಸುಮಾರು 74 ಸೆಂಟಿಮೀಟರ್ ಇರುತ್ತದೆ. ಅದೇ ಕೋಲನ್ನು ಜನವರಿ 14ರಂದು ಅದೇ ಹೊತ್ತಿಗೆ ಅಳೆದರೆ ಸುಮಾರು 69 ಸೆಂಟಿಮೀಟರ್. ಐದು ಸೆಂಟಿಮೀಟರ್ ಕಡಿಮೆ. ಸೂರ್ಯ ಉತ್ತರದ ಕಡೆ ಹೊರಟಿದ್ದಾನೆಂದು ನಿಮ್ಮ ಅಳತೆಪಟ್ಟಿಯೇ ಹೇಳುತ್ತದೆ.

ಹಾಗಾದರೆ ಉತ್ತರಾಯಣ ಶುರುವಾಗುವುದು ಡಿಸೆಂಬರ್‌ನಲ್ಲೋ ಸಂಕ್ರಾಂತಿಗೋ? ಬುದ್ಧಿವಂತ ಮಕ್ಕಳು ಕೇಳಿಯೇ ಕೇಳುತ್ತೀರಿ. ಭೂಮಿ ಬುಗುರಿಯ ಹಾಗೆ ತನ್ನ ಅಕ್ಷವನ್ನೇ ಬಹಳ ನಿಧಾನವಾಗಿ ಓಲಾಡಿಸುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಅತಿ ಚಿಕ್ಕ ಹಗಲೂ ಮಕರ ಸಂಕ್ರಮಣವೂ ಒಂದೇ ದಿನ ಬರುತ್ತಿದ್ದವು. ಈ ಓಲಾಟದಿಂದ ಎರಡರ ನಡುವೆ ಈಗ ಮೂರು ವಾರಕ್ಕೂ ಹೆಚ್ಚು ಅಂತರ ಬಿದ್ದಿದೆ. ಹಬ್ಬ ಹಳೆಯ ಲೆಕ್ಕವನ್ನು ನೆನಪಿಟ್ಟುಕೊಂಡಿದೆ, ನೆರಳು ಇಂದಿನ ಲೆಕ್ಕ ಹೇಳುತ್ತದೆ.

ಎಳ್ಳಿನ ತಟ್ಟೆ, ಕಿಚ್ಚಿನ ಸಂಜೆ

ಸಂಕ್ರಾಂತಿಗೆ ನಾಲ್ಕು ದಿನವಿರುವಾಗಲೇ ಎಳ್ಳಿನ ಕೆಲಸ ಶುರು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಬೇಕು, ಅಚ್ಚುಬೆಲ್ಲವನ್ನು ಪುಟ್ಟ ಪುಟ್ಟ ಚೂರು ಮಾಡಬೇಕು, ಎರಡನ್ನೂ ಬಿಸಿಲಿಗೆ ಹಾಕಬೇಕು. ಕಡಲೇಕಾಯಿ ಬೀಜ ಹುರಿದು ಸಿಪ್ಪೆ ಊದಬೇಕು. ಹುರಿಗಡಲೆ, ಬಿಳಿ ಎಳ್ಳು ಸೇರಿಸಬೇಕು. ಕತ್ತಿ ಹಿಡಿಯುವುದು ದೊಡ್ಡವರು. ಊದುವುದು, ಬೆರೆಸುವುದು, ನಡುನಡುವೆ ಬಾಯಿಗೆ ಹಾಕಿಕೊಳ್ಳುವುದು ಮಕ್ಕಳು. ಸಕ್ಕರೆ ಪಾಕವನ್ನು ಮರದ ಅಚ್ಚುಗಳಿಗೆ ಹೊಯ್ದು ಆನೆ, ಗಿಳಿ, ಬೃಂದಾವನ ತೆಗೆಯುವುದು ಮಾತ್ರ ಪಳಗಿದ ಕೈಯ ಕೆಲಸ. ಗೆಳತಿಯ ಅಚ್ಚುಗಳು ಅವಳ ಅತ್ತೆಯ ಕಾಲದವು. ಮೊಮ್ಮಗಳು ತೆಗೆದ ಮೊದಲ ಆನೆಗೆ ಸೊಂಡಿಲು ಮುರಿದಿತ್ತು. ಅದನ್ನು ತಿಂದು ಇನ್ನೊಂದು ಹೊಯ್ದರು.

ಹಬ್ಬದ ದಿನ ಬೆಳಿಗ್ಗೆ ಅವರೆಕಾಯಿ, ಗೆಣಸು, ಕಡಲೆಕಾಯಿ ಬೇಯಿಸಿದ ಹಬೆ ಮನೆತುಂಬ. ಸಿಹಿ ಪೊಂಗಲ್, ಖಾರ ಪೊಂಗಲ್. ಸಂಜೆ ಮೂರು ವರ್ಷದ ಪುಟ್ಟಿಯನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲಿಂದ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆದರು. ಪುಟ್ಟಿ ಗಾಬರಿಯಿಂದ ಅಳುವುದರೊಳಗೆ ಅಕ್ಕ ಅಣ್ಣ ಇಬ್ಬರೂ ನೆಲಕ್ಕೆ ಬಿದ್ದು ಕಾಸು ಆಯುವುದನ್ನು ಕಂಡು ತಾನೂ ಇಳಿದು ಆಯತೊಡಗಿತು. ಹೊಸ ಲಂಗ ತೊಟ್ಟ ಮೊಮ್ಮಗಳು ಮನೆಮನೆಗೆ ಎಳ್ಳು ಬೀರಲು ಹೋದಳು. ಮೊದಲ ತಟ್ಟೆ ಗೋದಲಿ ಕಟ್ಟಿದ್ದ ಮನೆಗೆ.

ಕತ್ತಲಾಗುವ ಹೊತ್ತಿಗೆ ಊರ ಮುಂದೆ ಕಿಚ್ಚು. ರಸ್ತೆಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಕೊಟ್ಟು, ಮೈತೊಳೆದು ಕೊಂಬಿಗೆ ಬಣ್ಣ ಬಳಿದು ಸಿಂಗರಿಸಿದ ದನಗಳನ್ನು ಅದರ ಮೇಲೆ ಹಾಯಿಸುತ್ತಾರೆ. ಮೈಗಂಟಿದ ಉಣ್ಣೆ ಉದುರಲೆಂದು ಹೀಗೆ ಮಾಡುತ್ತಿದ್ದರು ಎನ್ನುವವರೂ ಇದ್ದಾರೆ. ಮಕ್ಕಳು ದೂರ ನಿಂತೇ ನೋಡಬೇಕು. ಬೆದರಿದ ದನ ಯಾವ ಕಡೆ ನುಗ್ಗುತ್ತದೆಂದು ಹೇಳಲಾಗದು. ಆ ಊರಿನಲ್ಲಿ ಈಗ ಎತ್ತಿನ ಜೋಡಿ ಉಳಿದಿರುವುದು ಬೆರಳೆಣಿಕೆಯಷ್ಟು. ಅವು ಹಾಯ್ದ ಮೇಲೆ ಸೀಮೆಹಸುಗಳನ್ನು ಬೆಂಕಿಯ ಪಕ್ಕದಿಂದ ಮೆಲ್ಲಗೆ ನಡೆಸಿಕೊಂಡು ಹೋದರು. ತಾತನ ಕೈಯಲ್ಲಿ ಹಗ್ಗ, ಹಗ್ಗದ ತುದಿಯನ್ನು ಮುಟ್ಟಿಕೊಂಡು ಮೊಮ್ಮಗ. ಜೋಡಿ ಎತ್ತುಗಳು ಜಿಗಿದಾಗ ಅವನು ಪಕ್ಕದವರಿಗೆ ಹೇಳಿದ್ದು ಒಂದೇ ಮಾತು: "ಅವು ಬಾಯಿ ಕೂಡಿದ್ದಾವೆ. ನಾನು ಬೆಳಿಗ್ಗೆ ಎಣಿಸಿದೆ."

ಈ ವಾರದ ಕೆಲಸ

ಮಕ್ಕಳೇ, ನಿಮಗೆ ಎರಡು ಕೆಲಸ. ಒಂದು: ತಾತನನ್ನೋ ಅಜ್ಜಿಯನ್ನೋ ಈ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದಿಡಿ. ನೀವು ನನ್ನಷ್ಟಿದ್ದಾಗ ಮನೆಯಲ್ಲಿ ಯಾವ ದನಗಳಿದ್ದವು, ಅವುಗಳ ಹೆಸರೇನು? ಚಳಿಗಾಲದಲ್ಲಿ ನಿಮಗೆ ಒಪ್ಪಿಸುತ್ತಿದ್ದ ಕೆಲಸ ಯಾವುದು? ಈಗ ಊರಿನಲ್ಲಿ ಯಾರೂ ಮಾಡದ, ನಿಮಗೆ ಮಾತ್ರ ಬರುವ ಕೆಲಸ ಯಾವುದು?

ಎರಡು: ಸುಗ್ಗಿಯ ಕೊನೆಯಲ್ಲಿ ಬಳ್ಳಿಯಲ್ಲೇ ಬಲಿತು ಒಣಗಿದ ನಾಟಿ ಅವರೆಕಾಯಿ ಸಿಕ್ಕರೆ ಒಂದು ಹಿಡಿ ಕಾಳು ತೆಗೆದಿಡಿ. ಒಣ ಬೂದಿಯಲ್ಲಿ ಬೆರೆಸಿ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆಯಿರಿ. ಜುಲೈ ಆಗಸ್ಟ್‌ನಲ್ಲಿ ಮಳೆ ಹಿಡಿದಾಗ ಹಿತ್ತಲಲ್ಲಿ ನಾಲ್ಕು ಕಾಳು ಊರಿ. ಹಿತ್ತಲಿಲ್ಲದವರು ಬಾಲ್ಕನಿಯ ದೊಡ್ಡ ಕುಂಡದಲ್ಲಿ ಹಾಕಿ, ಬಳ್ಳಿಗೆ ಆಸರೆ ಕೊಡಿ. ರಾತ್ರಿ ಬೀದಿದೀಪದ ಬೆಳಕು ಬೀಳದ ಮೂಲೆ ಆರಿಸಿ, ಇಲ್ಲದಿದ್ದರೆ ಬಳ್ಳಿಗೆ ಇರುಳಿನ ಲೆಕ್ಕ ತಪ್ಪಬಹುದು. ಯಾವ ದಿನ ಮೊದಲ ಹೂ ಬಂತೆಂದು ಬರೆದಿಟ್ಟು ಊರಿಗೆ ಫೋನ್ ಮಾಡಿ ಹೇಳಿ. ಅಲ್ಲಿಯ ಹೊಲದಲ್ಲಿ ಹೂ ಬಂದಿದೆಯೇ ಎಂದು ಕೇಳಿ.

ತಾತ ಅಜ್ಜಿಯರೇ, ನಿಮಗೆ ಕೆಲಸ ಒಂದೇ. ಈ ಸಲ ಮೊಮ್ಮಕ್ಕಳು "ಅಲ್ಲಿ ಏನಿದೆ?" ಎಂದು ಕೇಳಿದರೆ "ಏನೂ ಇಲ್ಲ" ಎನ್ನಬೇಡಿ. "ಎರಡು ಸೇರು ಅವರೆಕಾಯಿ ಇದೆ, ಸುಲಿಯೋಕೆ ಕೈ ಸಾಲದು, ಬೇಗ ಬನ್ನಿ" ಎನ್ನಿ.